ಅಟ್ಟದಲ್ಲಿ ಬೆಳ್ಳಿ ಪದಕ ಸಿಕ್ಕಿದೆ, ಹುಣಸೆಹುಳಿ ಹಾಕಿ ತಿಕ್ಕಬಹುದಾ?

ಬದಿಯಡ್ಕದವ:
ಎಲ್ರಿಗೂ ನಮಸ್ಕಾರ. ಹಳೇ ಮನೆಯ ಹೆಂಚು ತೆಗೆಸುವಾಗ ಅಟ್ಟದಲ್ಲಿದ್ದ ಅಜ್ಜಿಯ ಕಲೆಂಬಿಯಲ್ಲಿ (ಹಳೇ ಮರದ ಪೆಟ್ಟಿಗೆ) ಒಂದು ಪೊಟ್ಟಣ ಸಿಕ್ಕಿತು, ಪೇಪರಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟದ್ದು, ಬಿಡಿಸಿದ್ರೆ ಕಪ್ಪಾದ ಒಂದು ಪದಕ. ಒಂದು ಬದಿಯಲ್ಲಿ ಕಿರೀಟ ಇಲ್ಲದ ರಾಜನ ತಲೆ, ಇನ್ನೊಂದು ಬದಿಯಲ್ಲಿ ಮೈಮೇಲೆ ಬಟ್ಟೆ ಇಲ್ಲದ ಒಬ್ಬ ಕುದುರೆ ಮೇಲೆ ಕೂತಿದ್ದಾನೆ, ಕುದುರೆಯ ಕಾಲಡಿ ತಲೆಬುರುಡೆ, 1914 ಮತ್ತೆ 1918 ಅಂತ ಬರೆದದ್ದುಂಟು. ಮೇಲೆ ನೆಟ್ಟಗಿನ ಒಂದು ಪಟ್ಟಿ, ಅದರಲ್ಲಿ ಕಿತ್ತಳೆ ಬಣ್ಣದ ರಿಬ್ಬನ್‌ನ ಚೂರು ಇನ್ನೂ ಸಿಕ್ಕಿಕೊಂಡಿದೆ. ಅಜ್ಜನ ಅಪ್ಪ ಮಿಲಿಟರಿಯಲ್ಲಿದ್ರು ಅಂತ ಮನೆಯಲ್ಲಿ ಒಂದು ಮಾತುಂಟು ಅಷ್ಟೇ, ಎಲ್ಲಿಗೆ ಹೋಗಿದ್ರು ಎಂತ ಕೆಲಸ ಯಾರಿಗೂ ಗೊತ್ತಿಲ್ಲ, ಒಂದು ಫೋಟೋ ಸಹ ಇಲ್ಲ. ಆಚಾರಿಯವರು ತೂಗಿ ನೋಡಿ ಒಳ್ಳೆ ಬೆಳ್ಳಿ, ಕರಗಿಸಿ ಮಗುವಿಗೆ ಗೆಜ್ಜೆ ಮಾಡಿಸಿ ಅಂದ್ರು, ಅಮ್ಮನಿಗೂ ಅದೇ ಸರಿ ಕಾಣ್ತದೆ. ನನಗೆ ಮನಸ್ಸು ಬರುದಿಲ್ಲ. ಹುಣಸೆಹುಳಿ ಹಾಕಿ ಚಂದ ತಿಕ್ಕಿ ಫ್ರೇಮ್ ಹಾಕಿಸುವ ಅಂತ ಉಂಟು. ಇದು ಎಂತದ್ದು, ಗೊತ್ತಿದ್ದವರು ಹೇಳಿ.

ಹೊಸೂರು ಪದಕಪ್ರಿಯ:
ದಯವಿಟ್ಟು ಹುಣಸೆಹಣ್ಣು ಮುಟ್ಟಿಸಬೇಡಿ ಸಾರ್!! ಸಿಕ್ಕಿರೋದು ಮೊದಲನೇ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್, 36 ಮಿಲಿಮೀಟರ್ ಅಗಲ ಇರುತ್ತೆ, ಅಳೆದು ನೋಡಿ. ತಲೆ ಐದನೇ ಜಾರ್ಜ್‌ದು, ಕುದುರೆ ಮೇಲಿರೋದು ಸೇಂಟ್ ಜಾರ್ಜ್, ಮಾಡಿದ ಶಿಲ್ಪಿ ವಿಲಿಯಂ ಮ್ಯಾಕ್‌ಮಿಲನ್. ಬೆಳ್ಳಿಯಲ್ಲೇ 60 ಲಕ್ಷಕ್ಕಿಂತ ಜಾಸ್ತಿ ಹೊಡೆದಿದ್ದಾರೆ, ಅದಕ್ಕೆ ಪದಕ ಅಪರೂಪದ್ದು ಅಂತ ಹೇಳಕ್ಕಾಗಲ್ಲ. ಬೆಲೆ ಎಲ್ಲಾ ಇರೋದು ಅಂಚಲ್ಲಿ. ನಾಣ್ಯಕ್ಕೆ ದಪ್ಪ ಇರುತ್ತಲ್ಲ, ಆ ಅಂಚನ್ನ ದೀಪದ ಕೆಳಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸ್ತಾ ಹೋಗಿ, ಇಂಗ್ಲಿಷ್ ಅಕ್ಷರಗಳನ್ನ ಒತ್ತಿರ್ತಾರೆ, ಮೊದಲು ನಂಬರು, ಆಮೇಲೆ ದರ್ಜೆ, ಹೆಸರು, ಕೊನೇಲಿ ಪಲ್ಟನ್ನು.

ಆ ಕಪ್ಪು ಕೊಳೆ ಅಲ್ಲ, ಗಾಳಿಯಲ್ಲಿರೋ ಗಂಧಕ ಬೆಳ್ಳಿಗೆ ತಾಗಿ ಕಟ್ಟಿರೋ ಪದರ, ತಿಕ್ಕಿದ್ರೆ ಅದರ ಜೊತೆ ಬೆಳ್ಳಿನೂ ಸ್ವಲ್ಪ ಸ್ವಲ್ಪ ಹೋಗುತ್ತೆ, ಹಬ್ಬ ಹಬ್ಬಕ್ಕೆ ತಿಕ್ಕಿದ್ರೆ ಅಂಚಿನ ಅಕ್ಷರ ಸವೆದು ಹೋಗುತ್ತೆ. ರಬ್ಬರಲ್ಲೂ ಗಂಧಕ ಇರುತ್ತೆ, ನಿಮ್ಮ ಪದಕದ ಮೇಲೆ ಅಡ್ಡಕ್ಕೆ ಇನ್ನೂ ಕಪ್ಪಗೆ ಒಂದು ಗೆರೆ ಇದ್ರೆ ಅದು ಆ ಬ್ಯಾಂಡಿನ ಕೆಲಸ. ನಾನು ಶುರುವಲ್ಲಿ ಬೆಂಗಳೂರಿನ ಸಂಡೇ ಬಜಾರಲ್ಲಿ ಇದೇ ಪದಕ ಒಂದು ತಗೊಂಡೆ, ಫಳಫಳ ಹೊಳೀತಿತ್ತು, ಮನೆಗೆ ಬಂದು ನೋಡಿದ್ರೆ ಅಂಚಿಗೆ ಯಾರೋ ಅರ ಹಾಕಿ ಹೆಸರು ಉಜ್ಜಿಬಿಟ್ಟಿದ್ದಾರೆ. ಯಾವ ಮನುಷ್ಯನದು ಅಂತ ಇನ್ಮೇಲೆ ಯಾರಿಗೂ ಗೊತ್ತಾಗಲ್ಲ, ಅದನ್ನ ಕೈಗೆ ತಗೊಂಡಾಗೆಲ್ಲ ಈಗಲೂ ಸಂಕಟ ಆಗುತ್ತೆ.

ಅಕ್ಕಲಕೋಟ ಮಂದಿ:
ಹೊಸೂರಿನವ್ರು ಹೇಳಿದ್ದು ಖರೇ ಅದ ರೀ, ಕರಗಿಸಬ್ಯಾಡ್ರಿ. ನಮ್ಮ ಮುತ್ಯಾನ ಅಪ್ಪ ಮರಾಠಾ ಪಲ್ಟನ್‌ದಾಗ ಇದ್ರು. 1980ರಾಗ ಬೆಳ್ಳಿ ರೇಟ್ ಒಮ್ಮೆಲೆ ಏರ್ತು ನೋಡ್ರಿ, ಆವಾಗ ಮನ್ಯಾಗ ಇದೇ ಮೆಡಲ್ ಕರಗಿಸಿ ನಮ್ಮ ಅತ್ತಿಗೆ ಕಾಲುಂಗುರ ಮಾಡ್ಸಿದ್ರು. ಅದರ ಜೋಡಿ ಇದ್ದ ಕಂಚಿಂದು ಉಳೀತು, ಯಾಕಂದ್ರ ಕಂಚು ಯಾರಿಗೂ ಬ್ಯಾಡಾಗಿತ್ತು. ರೆಕ್ಕಿ ಇರೋ ಹೆಣ್ಣುದೇವತಿ ಚಿತ್ರ ಅದ, ವಿಕ್ಟರಿ ಮೆಡಲ್ ಅಂತಾರ, ನಾವು ಸಣ್ಣವರಿದ್ದಾಗ ಕುಂಟೆಬಿಲ್ಲೆ ಆಡಾಕ ಅದನ್ನ ಬಿಲ್ಲೆ ಮಾಡ್ಕೊಂಡಿದ್ವಿ. ಹತ್ತು ವರ್ಷದ ಹಿಂದ ಒಬ್ಬ ಮೇಷ್ಟ್ರು ಅದರ ಅಂಚು ಓದಿ ಹೇಳಿದ್ರು, ಹೆಸರು ಅದ, 110 ಮರಾಠಾ ಅಂತ ಅದ. ಆ ಪಲ್ಟನ್ ಇರಾಕಿನ ಕೂತ್ ಊರಾಗ ಮುತ್ತಿಗಿಗೆ ಸಿಕ್ಕು ಅನ್ನ ಇಲ್ಲದ 1916 ಏಪ್ರಿಲ್ 29ಕ್ಕ ಶರಣಾಗಿತ್ತು. ಕುದುರಿ ಮಾಂಸ ತಿನ್ನೂ ದಿನ ಬಂದಿತ್ತು ಅಂತ ಮೇಷ್ಟ್ರು ಅಂದಾಗ ನಮ್ಮ ಅವ್ವ ಅಲ್ಲೇ ಕುಂತು ಅತ್ತಳು. ನಿಮ್ಮ ಪೆಟ್ಟಿಗ್ಯಾಗ ಕಂಚಿಂದೂ ಇರಬೇಕು, ಮೂಲ್ಯಾಗ ಹುಡುಕ್ರಿ.

ಬದಿಯಡ್ಕದವ:
ಎಲ್ರಿಗೂ ಥ್ಯಾಂಕ್ಸ್ ಮಾರಾಯ್ರೆ. ಕಂಚಿನದ್ದು ಸಿಗ್ಲಿಲ್ಲ. ರಾತ್ರಿ ಅಮ್ಮ ಮೊಬೈಲ್ ಟಾರ್ಚ್ ಹಿಡಿದ್ರು, ನಾನು ಅಜ್ಜನ ಭೂತಗನ್ನಡಿ ಹಿಡಿದು ನೋಡಿದೆ. ರಬ್ಬರಿನ ಕಪ್ಪು ಗೆರೆ ಸಹ ನೀವು ಹೇಳಿದ ಹಾಗೆಯೇ ಉಂಟು. ನಾಲ್ಕು ಅಂಕಿಯ ನಂಬರು, ಸಿಪಾಯಿ ಅಂತ, ಮತ್ತೆ ಅಜ್ಜನ ಅಪ್ಪನ ಹೆಸರು, ಸ್ಪೆಲ್ಲಿಂಗ್ ಅವರಿಗೆ ಕೇಳಿದ ಹಾಗೆ ಬರೆದದ್ದು, ಆದ್ರೆ ಅವರದ್ದೇ. ಕೊನೆಗೆ 61 ಅಂತ ಉಂಟು, ಅದರ ಮುಂದೆ ಪಿ ಎನ್ ಆರ್ ಎಸ್. ಅಮ್ಮ ಆ ಹೆಸರನ್ನು ಎರಡು ಸಲ ಓದಿಸಿದ್ರು.

ಹೊಸೂರು ಪದಕಪ್ರಿಯ:
ಅಬ್ಬಾ, ಓದಿ ಮೈ ಜುಂ ಅಂತು! 61 ಪಿ ಎನ್ ಆರ್ ಎಸ್ ಅಂದ್ರೆ 61ನೇ ಪಯೋನಿಯರ್ಸ್, ಮದ್ರಾಸ್ ಸೈನ್ಯದ ಪಲ್ಟನ್ನು, ನಿಮ್ಮ ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಲೇ ಇತ್ತಲ್ವಾ, ಸರಿಯಾಗಿ ಕೂರುತ್ತೆ. ಪಯೋನಿಯರ್ ಅಂದ್ರೆ ಬಂದೂಕಿನ ಜೊತೆ ಗುದ್ದಲಿ ಪಿಕಾಸಿನೂ ಹೊತ್ಕೊಂಡು ಹೋಗೋರು, ರಸ್ತೆ ಮಾಡೋದು, ಕಂದಕ ತೋಡೋದು, ಬೇಕಾದಾಗ ಹೋರಾಡೋದು. 1914 ನವೆಂಬರಲ್ಲಿ ಈ ಪಲ್ಟನ್ನು ಪೂರ್ವ ಆಫ್ರಿಕಾದ ಟಾಂಗಾ ಬಂದರಲ್ಲಿ ಇಳಿದು ಹೋರಾಡಿತ್ತು. ನಿಮ್ಮವರು ಯಾವ ವರ್ಷ ಸೇರಿದ್ರು ಅನ್ನೋದರ ಮೇಲೆ ಅಲ್ಲಿದ್ರಾ ಅನ್ನೋದು ನಿಂತಿದೆ, 1915 ಮುಗಿಯೋದರೊಳಗೆ ಹೊರದೇಶದ ಯುದ್ಧಭೂಮಿಗೆ ಹೋಗಿದ್ರೆ ಕಂಚಿನ ಒಂದು ನಕ್ಷತ್ರನೂ ಕೊಟ್ಟಿರ್ತಾರೆ, ಅದರ ಹಿಂದುಗಡೆ ಹೆಸರಿರುತ್ತೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಪಟ್ಟಿಯಲ್ಲಿ ಹುಡುಕಬೇಡಿ, ಅದು ಸತ್ತವರದ್ದು, ನಿಮ್ಮವರು ಮನೆಗೆ ಬಂದವರು. ಪಯೋನಿಯರ್ ಪಲ್ಟನ್ನುಗಳನ್ನ 1933ರಲ್ಲಿ ಮುಚ್ಚಿಬಿಟ್ರು. ಬೆಂಗಳೂರಿಗೆ ಬಂದಾಗ ಬ್ರಿಗೇಡ್ ರೋಡ್ ಮೂಲೇಲಿರೋ ಯುದ್ಧ ಸ್ಮಾರಕದ ಹತ್ರ ನಿಂತ್ಕೊಳ್ಳಿ, ಅದು ಮದ್ರಾಸ್ ಪಯೋನಿಯರ್‌ಗಳದ್ದೇ.

ಯಾರಾದ್ರೂ ಹೊರದೇಶಕ್ಕೆ ಮಾರಿಕೊಡ್ತೀನಿ ಅಂದ್ರೆ ಒಪ್ಪಬೇಡಿ, ನೂರು ವರ್ಷ ದಾಟಿದ ಇಂಥ ವಸ್ತುನ ಖಾಸಗಿಯವರು ದೇಶದಾಚೆ ಕಳಿಸೋ ಹಾಗಿಲ್ಲ, 1972ರ ಕಾನೂನಿದೆ. ಪೇಪರು ರಬ್ಬರು ಎರಡೂ ಬಿಸಾಕಿ, ಒಗೆದು ಒಣಗಿಸಿದ ಹಳೇ ಹತ್ತಿ ಪಂಚೆ ತುಂಡಲ್ಲಿ ಸುತ್ತಿ. ನಿಮ್ಮ ಕಡೆ ಮಳೆಗಾಲ ಜೋರಲ್ವಾ, ಡಬ್ಬಿಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ರಿಬ್ಬನ್ ಚೂರು ಇದ್ದ ಹಾಗೇ ಇರಲಿ, ಕೀಳಬೇಡಿ.

ಬದಿಯಡ್ಕದವ:
ಆಯ್ತು ಸಾರ್. ಅಮ್ಮ ಅಜ್ಜನ ಪಂಚೆಯನ್ನೇ ಹರಿದು ಕೊಟ್ರು. ಗೆಜ್ಜೆಗೆ ಬೇರೆ ಬೆಳ್ಳಿ ತರುವ ಅಂತ ಹೇಳ್ತಿದ್ದಾರೆ. ನಕ್ಷತ್ರಕ್ಕೆ ನಾಳೆ ಕಲೆಂಬಿ ಪೂರ್ತಿ ಖಾಲಿ ಮಾಡಿ ನೋಡ್ತೇನೆ.