ವಿದೇಶಿ ಬಂಡವಾಳ, ಪೇಟೆಂಟ್, ಹೊಗೆ: ಇವಕ್ಕೇನು ಸಂಬಂಧ?

ಎಂಎ_ಎರಡನೇವರ್ಷ:
ಚೀನಾದ ಪ್ರಾಂತ್ಯಗಳ ಅಂಕಿಅಂಶ ಇಟ್ಟುಕೊಂಡು ಪ್ರಬಂಧ ಬರೀತಿದ್ದೇನೆ. ವಿದೇಶಿ ಹೂಡಿಕೆ ಬಂದರೆ ಹೊಗೆಯೂ ಬರುತ್ತದೆ ಅಂತ ಕೆಲವರು. ಒಳ್ಳೆಯ ತಂತ್ರಜ್ಞಾನ ಬಂದು ಇಂಗಾಲ ಇಳಿಯುತ್ತದೆ ಅಂತ ಇನ್ನು ಕೆಲವರು. ಈಗ ಗೈಡ್ ಮೇಡಂ ಬೌದ್ಧಿಕ ಆಸ್ತಿ ರಕ್ಷಣೆಯನ್ನೂ (ಅಂದರೆ ಪೇಟೆಂಟ್, ಸಾಫ್ಟ್‌ವೇರ್ ಕೋಡ್ ಥರದ್ದನ್ನು ಬೇರೆಯವರು ಕದಿಯದಂತೆ ಕಾಯುವುದನ್ನು) ಸೇರಿಸು ಅಂದಿದ್ದಾರೆ. ಅದ್ಯಾಕೆ?

ಲೈಸೆನ್ಸ್‌ಗುಮಾಸ್ತ:
ತಂತ್ರಜ್ಞಾನದ ಲೈಸೆನ್ಸ್ ಒಪ್ಪಂದ ಬರೆಯುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಹೇಳ್ತೀನಿ. ಕಂಪನಿ ಬರುವುದು ಬೇರೆ, ತನ್ನ ಹೊಸ ತಂತ್ರಜ್ಞಾನ ತರುವುದು ಬೇರೆ. ಕದೀತಾರೆ ಅನ್ನೋ ಭಯ ಇದ್ದರೆ ಹಳೇ ತಲೆಮಾರಿನದನ್ನೇ ತರುತ್ತಾರೆ, ಆಗ ಹೊಗೆ ಇಳಿಯೋದು ಕಷ್ಟ.

ಸೈನೋವೆಲ್ ಕೇಸ್ ನೋಡಿ. ಗಾಳಿಯಿಂದ ಕರೆಂಟ್ ಮಾಡುವ ಯಂತ್ರಗಳ ಈ ಚೀನೀ ಕಂಪನಿಗೆ ನಿಯಂತ್ರಣ ಸಾಫ್ಟ್‌ವೇರ್ ಕೊಡುತ್ತಿದ್ದದ್ದು ಅಮೆರಿಕನ್ ಸೂಪರ್‌ಕಂಡಕ್ಟರ್ ಅನ್ನೋ ಅಮೆರಿಕದ ಕಂಪನಿ. 2011ರಲ್ಲಿ ಸೈನೋವೆಲ್ ಇದ್ದಕ್ಕಿದ್ದಂತೆ ಮಾಲು ಬೇಡ ಅಂದಿತು. ಅಷ್ಟರಲ್ಲಿ ಅಮೆರಿಕನ್ ಕಂಪನಿಯ ಆಸ್ಟ್ರಿಯಾ ಘಟಕದ ನೌಕರನೊಬ್ಬನ ಕೈಯಲ್ಲಿ ಆ ಸಾಫ್ಟ್‌ವೇರಿನ ಕೋಡ್ ಕದ್ದು ತರಿಸಿಕೊಂಡಾಗಿತ್ತು. 2018ರಲ್ಲಿ ಅಮೆರಿಕದ ಜ್ಯೂರಿ ಸೈನೋವೆಲ್ ತಪ್ಪಿತಸ್ಥ ಅಂದಿತು. ಆ ಹೊತ್ತಿಗೆ ಅಮೆರಿಕನ್ ಕಂಪನಿಯಲ್ಲಿ ಸುಮಾರು 700 ಜನರ ಕೆಲಸ ಹೋಗಿತ್ತು. ಇದನ್ನು ನೋಡಿದ ಬೇರೆ ಕಂಪನಿ ತನ್ನ ಕೋಡ್ ಬಿಚ್ಚಿಡುತ್ತಾ?

ಕಲ್ಲಿದ್ದಲುಕಣ್ಣು:
ಒಪ್ಪಿದೆ, ಆದರೆ ಅರ್ಧ ಮಾತ್ರ. ರಕ್ಷಣೆ ಬಿಗಿಯಾದಷ್ಟೂ ಲೈಸೆನ್ಸ್ ದುಬಾರಿ. ಸಣ್ಣ ಕಾರ್ಖಾನೆಗಳು ಹಳೇ ಬಾಯ್ಲರನ್ನೇ ಉರಿಸುತ್ತಾ ಕೂರುತ್ತವೆ. ಇನ್ನೊಂದು ವಿಷಯ: ಒಂದು ಟನ್ ಉಕ್ಕಿಗೆ ಹೊಗೆ ಇಳಿದರೂ ಉಕ್ಕೇ ಎರಡು ಪಟ್ಟಾದರೆ ಒಟ್ಟು ಹೊಗೆ ಏರುತ್ತದೆ. ಎರಡನ್ನೂ ಬೇರೆ ಬೇರೆ ಅಳೆಯಿರಿ.

ಪ್ರಾಂತ್ಯದ ಗಡಿಯ ಬಗ್ಗೆಯೂ ಹುಷಾರು. ಬೀಜಿಂಗ್ 2017ರಲ್ಲಿ ತನ್ನ ಕೊನೆಯ ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿತು. ಆದರೆ ಅಲ್ಲಿಗೆ ಒಳ ಮಂಗೋಲಿಯಾದಿಂದ ಕರೆಂಟ್ ಬರುತ್ತದೆ, ಅದರಲ್ಲಿ ಕಲ್ಲಿದ್ದಲಿನ ಪಾಲು ಜಾಸ್ತಿ. ಬಂಡವಾಳ ಒಂದು ಕಡೆ, ಹೊಗೆ ಇನ್ನೊಂದು ಕಡೆ. ಆ ಹೊಗೆಯನ್ನು ಕರೆಂಟ್ ಬಳಸಿದವರ ಲೆಕ್ಕಕ್ಕೂ ಹಾಕಿ ನೋಡಿ, ಉತ್ತರವೇ ಬದಲಾಗಬಹುದು.

ಎಂಎ_ಎರಡನೇವರ್ಷ:
ರಕ್ಷಣೆ ಅಳೆಯೋಕೆ ಪೇಟೆಂಟ್ ಸಂಖ್ಯೆ ಸಾಕಲ್ವಾ?

ಲೈಸೆನ್ಸ್‌ಗುಮಾಸ್ತ:
ಸಾಲದು. ಸಬ್ಸಿಡಿ ಆಸೆಗೆ ಸುಮ್ನೆ ಹಾಕಿದ ಅರ್ಜಿಗಳೂ ಅದರಲ್ಲಿ ಸೇರಿರುತ್ತವೆ. ಪೇಟೆಂಟ್ ಕಾನೂನು ಇಡೀ ದೇಶಕ್ಕೆ ಒಂದೇ. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬದಲಾಗುವುದು ಜಾರಿ. ಬೀಜಿಂಗ್, ಶಾಂಘೈ, ಗುವಾಂಗ್‌ಝೌಗಳಲ್ಲಿ 2014ರಲ್ಲಿ ಬೌದ್ಧಿಕ ಆಸ್ತಿಗೆ ಅಂತಲೇ ಕೋರ್ಟ್ ತೆರೆದರು. ಅದಕ್ಕೆ ಮೊದಲು, ಆಮೇಲೆ ಅಂತ ಹೋಲಿಸಿ ನೋಡಿ. ಮೂರೂ ಶ್ರೀಮಂತ ಊರುಗಳು ಅನ್ನೋದು ಮಾತ್ರ ತಲೇಲಿರಲಿ: ಬದಲಾವಣೆ ಕೋರ್ಟಿನಿಂದಲೋ ಶ್ರೀಮಂತಿಕೆಯಿಂದಲೋ, ವೈವಾದಲ್ಲಿ ಮೊದಲು ಕೇಳೋದೇ ಅದನ್ನ.