ಪದಚರ್ಚೆ: ಜಪಾನಿ ‘ಕಶ’ಕ್ಕೆ ‘ಉರಿಬಂಡಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಜಪಾನಿನ ಕಾದಂಬರಿಕಾರ್ತಿ ಮಿಯುಕಿ ಮಿಯಾಬೆಯವರ ‘ಕಶ’ ಕಾದಂಬರಿಯ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಹೆಸರಿಗೇ ಕನ್ನಡ ಪದ ಸಿಗುತ್ತಿಲ್ಲ. ನಿಮ್ಮ ಸಹಾಯ ಬೇಕು.

ಮಿಯಾಬೆ 1960ರಲ್ಲಿ ಟೋಕಿಯೊದಲ್ಲಿ ಹುಟ್ಟಿದವರು. ಒಂದೇ ಬಗೆಯ ಕಥೆಗೆ ಅಂಟಿಕೊಂಡವರಲ್ಲ. ಪತ್ತೇದಾರಿ ಬರೆದಿದ್ದಾರೆ, ಎದೊ ಕಾಲದ (1603ರಿಂದ 1868ರವರೆಗಿನ ಜಪಾನಿನ) ದೆವ್ವದ ಕಥೆ ಬರೆದಿದ್ದಾರೆ, ಕಾಲದಲ್ಲಿ ಹಿಂದಕ್ಕೆ ಹೋಗುವ ಕಥೆಗೆ ಜಪಾನಿನ ಸೈನ್ಸ್ ಫಿಕ್ಷನ್ ಪ್ರಶಸ್ತಿ ಪಡೆದಿದ್ದಾರೆ. 1999ರಲ್ಲಿ ‘ರಿಯೂ’ ಕಾದಂಬರಿಗೆ ಜಪಾನಿನ ಹೆಸರಾಂತ ಸಾಹಿತ್ಯ ಪ್ರಶಸ್ತಿಯಾದ ನಾವೊಕಿ ಬಂತು. ಅಪ್ಪ ಮನೆ ಬಿಟ್ಟು ಹೋದಾಗ ತನ್ನ ಹಣೆಬರಹ ಬದಲಿಸಲು ಬೇರೊಂದು ಲೋಕಕ್ಕೆ ಹೋಗುವ ಹುಡುಗನ ಕಥೆ ‘ಬ್ರೇವ್ ಸ್ಟೋರಿ’ ಕೂಡ ಅವರದೇ.

1992ರ ‘ಕಶ’ದಲ್ಲಿ ಮಾಯೆ, ಮಂತ್ರ ಏನೂ ಇಲ್ಲ. ಕಾಲಿಗೆ ಗುಂಡೇಟು ಬಿದ್ದು ರಜೆಯಲ್ಲಿರುವ ಪೊಲೀಸ್ ಹೊಂಮಾ. ತೀರಿಕೊಂಡ ಹೆಂಡತಿಯ ಕಡೆಯ ಹುಡುಗನೊಬ್ಬ ಅವನ ಮನೆಗೆ ಬರುತ್ತಾನೆ. ಮದುವೆ ಗೊತ್ತಾದ ಹುಡುಗಿ ಕಾಣೆಯಾಗಿದ್ದಾಳೆ, ಹುಡುಕಿಕೊಡು ಅನ್ನುತ್ತಾನೆ. ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದಾಗ ಅವಳು ಹಿಂದೆ ದಿವಾಳಿಯಾಗಿದ್ದಳು ಅನ್ನುವುದು ಹೊರಬಿದ್ದಿತ್ತು. ಹುಡುಕುತ್ತ ಹೋದರೆ ದಿವಾಳಿಯಾದವಳೇ ಬೇರೆ, ಇವಳೇ ಬೇರೆ! ಒಬ್ಬಳ ಹೆಸರು, ಕುಟುಂಬದ ದಾಖಲೆ ಎಲ್ಲವನ್ನೂ ಇನ್ನೊಬ್ಬಳು ಹೊದ್ದುಕೊಂಡಿದ್ದಾಳೆ. ಸಾಲ ಇಬ್ಬರನ್ನೂ ಅಟ್ಟಿಸಿಕೊಂಡು ಬಂದಿದೆ.

ಈಗ ಪದಕ್ಕೆ ಬರೋಣ. ಬರೆಯುವುದು ಚೀನೀ ಮೂಲದ ಎರಡೇ ಅಕ್ಷರ: ಒಂದು ಬೆಂಕಿ, ಇನ್ನೊಂದು ಬಂಡಿ. ‘ಕಶ’ ಎಂದು ಓದಿದರೆ, ಪಾಪ ಮಾಡಿ ಸತ್ತವರನ್ನು ನರಕಕ್ಕೆ ಒಯ್ಯುವ ಉರಿಯುವ ಬಂಡಿ. ಇದು ಬೌದ್ಧರ ನಂಬಿಕೆಯಿಂದ ಬಂದದ್ದು. ಆಮೇಲೆ ಜನರ ಬಾಯಲ್ಲಿ ಇದೇ ಹೆಸರು ಹೆಣ ಕದಿಯುವ ಪಿಶಾಚಿಗೂ ಅಂಟಿತು. ಚಿತ್ರಕಾರ ತೊರಿಯಾಮಾ ಸೆಕಿಯೆನ್ 1776ರ ತನ್ನ ಪುಸ್ತಕದಲ್ಲಿ ಅದರ ಚಿತ್ರ ಬರೆದು ತೋರಿಸಿದ್ದಾನೆ.

ಅದೇ ಅಕ್ಷರಗಳ ಅರ್ಥವನ್ನು ಅಚ್ಚ ಜಪಾನಿಯಲ್ಲಿ ಹೇಳಿದರೆ ‘ಹಿ ನೊ ಕುರುಮ’. ಆಗ ಇನ್ನೊಂದು ಅರ್ಥ ಬರುತ್ತದೆ. ‘ಮನೆಯ ಲೆಕ್ಕ ಹಿ ನೊ ಕುರುಮ’ ಅಂದರೆ ಮನೆಯಲ್ಲಿ ದುಡ್ಡಿಗೆ ತೀರಾ ಪರದಾಟ ಎಂದರ್ಥ. ನರಕದ ಬಂಡಿ ಮತ್ತು ಬರಿದಾದ ಕೈ, ಎರಡೂ ಒಂದೇ ಪದದಲ್ಲಿವೆ. ಕಾದಂಬರಿಗೆ ಎರಡೂ ಬೇಕು.

ಇಂಗ್ಲಿಷಿಗೆ ಹೋದಾಗ ಇದು ‘ಆಲ್ ಶೀ ವಾಸ್ ವರ್ತ್’ ಆಯಿತು. ಬೆಂಕಿಯೂ ಹೋಯಿತು, ಬಂಡಿಯೂ ಹೋಯಿತು. ಕೊರಿಯಾದವರು 2012ರಲ್ಲಿ ಸಿನಿಮಾ ಮಾಡಿದಾಗ ಇದೇ ಪದವನ್ನು ತಮ್ಮ ಉಚ್ಚಾರದಲ್ಲಿ ‘ಹ್ವಾಚ’ ಎಂದು ಉಳಿಸಿಕೊಂಡರು. ಚೀನಾದಲ್ಲಿ ಮಾತ್ರ ಈ ಎರಡಕ್ಷರಕ್ಕೆ ಇವತ್ತು ರೈಲು ಎಂದೇ ಅರ್ಥ.

ನಮ್ಮಲ್ಲೂ ಅದೇ ತೊಡಕು, ಅಲ್ವಾ? ‘ಬೆಂಕಿಬಂಡಿ’ ಅಂದ ಕೂಡಲೇ ಉಗಿಬಂಡಿ, ಹೊಗೆಬಂಡಿ ನೆನಪಾಗುತ್ತವೆ. ‘ಅಗ್ನಿರಥ’ ನನಗೆ ಬೇಡವೇ ಬೇಡ. ರಥ ಅಂದರೆ ತೇರು, ಕೈಮುಗಿಯುವ ವಸ್ತು. ಅದು ನರಕದ ದಾರಿ ಹಿಡಿಯುವುದಿಲ್ಲ. ‘ಯಮನ ಬಂಡಿ’ಯೂ ಕೂಡಿಬರುವುದಿಲ್ಲ, ನಮ್ಮ ಯಮ ಬರುವುದು ಕೋಣದ ಮೇಲೆ. ಸಾಲ ತರುವಾಗ ಹಾಲು ಅನ್ನ ಉಂಡಂತೆ, ಸಾಲಗಾರ ಬಂದು ಎಳೆವಾಗ ಕಿಬ್ಬದಿಯ ಕೀಲು ಮುರಿದಂತೆ ಎಂದ ಸರ್ವಜ್ಞನನ್ನು ನೆನೆದು ‘ಸಾಲದ ಶೂಲ’ ಅನ್ನೋಣ ಅಂದುಕೊಂಡೆ. ಆದರೆ ಮೂಲದ ಹೆಸರಲ್ಲಿ ಸಾಲದ ಮಾತೇ ನೇರವಾಗಿ ಇಲ್ಲ. ಓದುತ್ತ ಹೋದಂತೆ ತಿಳಿಯಬೇಕಾದ್ದನ್ನು ಹೊದಿಕೆಯ ಮೇಲೆಯೇ ಹೇಳಿಬಿಡುವುದು ಸರಿಯಲ್ಲ.

ಹಾಗಾಗಿ ನನ್ನ ಒಲವು ‘ಉರಿಬಂಡಿ’ಯ ಕಡೆಗೆ. ಕನ್ನಡದಲ್ಲಿ ಸಂಸಾರ ಮೊದಲಿಂದಲೂ ಒಂದು ಬಂಡಿಯೇ. ‘ಹೇಗೋ ಸಂಸಾರದ ಬಂಡಿ ಎಳೀತಾ ಇದೀವಿ’ ಅಂತ ದಿನಾ ಹೇಳುತ್ತೇವೆ. ಆ ಬಂಡಿಗೇ ಬೆಂಕಿ ಬಿದ್ದರೆ ಕೈ ಬರಿದಾಯಿತು ಅನ್ನುವುದು ತಾನಾಗಿ ಹೊಳೆಯುತ್ತದೆ. ‘ಉರಿ’ಯಲ್ಲಿ ಒಡಲುರಿ, ಹೊಟ್ಟೆಯುರಿ ಎರಡೂ ಇವೆ, ಇನ್ನೊಬ್ಬಳ ಬದುಕನ್ನೇ ಬಯಸಿದವಳ ಕಥೆಗೆ ಅದೂ ಹೊಂದುತ್ತದೆ. ಕೊರತೆ ಒಂದೇ, ನರಕ ಇದರಲ್ಲಿ ಕಾಣುವುದಿಲ್ಲ. ನಿಮ್ಮ ಸೀಮೆಯಲ್ಲಿ ಸತ್ತವರನ್ನು ಒಯ್ಯುವ ಬಂಡಿಯ ಮಾತು, ಗಾದೆ, ಹಾಡು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.

ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ. ಕಾದಂಬರಿಯಲ್ಲಿ ವಕೀಲರೊಬ್ಬರು ಬರುತ್ತಾರೆ. ಸಾಲದಲ್ಲಿ ಮುಳುಗಿದವರೆಲ್ಲ ಕೆಟ್ಟವರಲ್ಲ, ತಾನಾಗಿ ಕೋರ್ಟಿಗೆ ಹೋಗಿ ‘ತೀರಿಸಲಾರೆ’ ಎನ್ನುವುದು ಬದುಕಿಕೊಳ್ಳುವ ದಾರಿ ಎಂದು ಅವರ ವಾದ. ಇದಕ್ಕೆ ‘ದಿವಾಳಿ’ ಎಂದು ಬರೆದರೆ ಬೈದ ಹಾಗೆ ಕೇಳುತ್ತದೆ. ಹಳಬರ ಬಾಯಲ್ಲಿದ್ದ ‘ಪಾಪರ್ ಚೀಟಿ’ ನನಗೆ ಹತ್ತಿರ ಅನ್ನಿಸುತ್ತದೆ, ಅದರಲ್ಲಿ ಕೋರ್ಟೂ ಇದೆ, ಕಾಗದವೂ ಇದೆ. ಈ ಮಾತು ನಿಮ್ಮ ಕಡೆ ಈಗಲೂ ಬಳಕೆಯಲ್ಲಿದೆಯೇ? ಇದ್ದರೆ ಅದರಲ್ಲಿ ಹೀಯಾಳಿಕೆ ಇದೆಯೇ, ಇಲ್ಲಾ ಬರೀ ವಿಷಯ ಹೇಳುವ ಮಾತೇ?