ಸಹಾಯ ಬೇಕು: ನಾನಿಲ್ಲದಾಗಲೂ ಹೋಟೆಲ್ ಸರಾಗವಾಗಿ ನಡೆಯಬೇಕು

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ನಮ್ಮದು ಸಣ್ಣ ಬೆಣ್ಣೆದೋಸೆ ಹೋಟೆಲ್. ಹುಡುಗರು ಒಳ್ಳೆಯವರು. ಆದರೆ ನಾನು ಗಲ್ಲಾ ಬಿಟ್ಟು ಮಂಡಿಪೇಟೆಗೆ ಹೋದರೆ ಸಾಕು, ಪ್ರತಿಯೊಂದಕ್ಕೂ ಫೋನ್. ಹಿಟ್ಟಿಗೆ ಮಂಡಕ್ಕಿ ಎಷ್ಟು ನೆನೆಹಾಕಬೇಕು, ಒಲೆಗೆ ಇನ್ನೂ ಸೌದೆ ಇಡಬೇಕಾ, ಬೆಣ್ಣೆ ಮುಗಿಯುತ್ತಾ ಬಂತು ಏನು ಮಾಡೋಣ ಅಂತ. ಹೆಂಚಿನ ಮುಂದೆ ನಿಲ್ಲುವ ಹುಡುಗನಿಗೆ ಇದೆಲ್ಲ ನನಗಿಂತ ಜಾಸ್ತಿ ಗೊತ್ತು, ಆದರೂ ಕೇಳುತ್ತಾನೆ. ಹೆಚ್ಚುಕಮ್ಮಿ ಆದರೆ ಬೈಗುಳ ಬೀಳುತ್ತೆ ಅನ್ನೋ ಭಯ ಇರಬೇಕು, ಅಲ್ವಾ?

ಈಗ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಎಲ್ಲರೂ ಚಹಾ ಕುಡಿಯುತ್ತಾ ಆ ದಿನದ ಕೆಲಸ ಹಂಚಿಕೊಳ್ಳುತ್ತೇವೆ. ಮಾತಾಡುವುದು ಮಾತ್ರ ನಾನೊಬ್ಬನೇ. ಅವರನ್ನು ಮಾತಿಗೆ ಎಳೆಯುವುದು ಹೇಗೆ? ಬೆಣ್ಣೆ, ಕಾಯಿ ಖರೀದಿಯನ್ನು ಎಷ್ಟರ ಮಟ್ಟಿಗೆ ಅವರಿಗೇ ಬಿಡಬಹುದು? ಹೋಟೆಲ್, ಅಂಗಡಿ ನಡೆಸಿದವರು ನಿಮ್ಮಲ್ಲಿ ಏನು ಕೆಲಸ ಮಾಡಿತು ಅಂತ ದಯವಿಟ್ಟು ಬರೆಯಿರಿ.